ಓದುಗನ ಆಯ್ಕೆ ಮತ್ತು ಅಶ್ಲೀಲತೆಯ ಪ್ರಶ್ನೆ: ಜಪಾನಿನ ವಯಸ್ಕರ ದೃಶ್ಯಕಾದಂಬರಿಗಳ ರಚನೆ ಹಾಗೂ ವಿವಾದ

1. ಪ್ರಸ್ತಾವನೆ

ಕಥನವು ಕಾಲಕಾಲಕ್ಕೆ ತನ್ನ ವಾಹಕವನ್ನು ಬದಲಿಸಿಕೊಳ್ಳುತ್ತ ಬಂದಿದೆ. ಓಲೆಗರಿಯಿಂದ ಅಚ್ಚಿಗೆ, ಅಚ್ಚಿನಿಂದ ಗಣಕದ ಪರದೆಗೆ ಸಾಗುವ ಈ ಪಯಣದಲ್ಲಿ ಕಥೆ ಮಾತ್ರವಲ್ಲ, ಕಥೆಯೊಡನೆ ಓದುಗನಿಗಿರುವ ಸಂಬಂಧವೂ ಬದಲಾಗುತ್ತದೆ. ಇಂಥ ಬದಲಾವಣೆಯ ಒಂದು ವಿಶಿಷ್ಟ ರೂಪ ಜಪಾನಿನಲ್ಲಿ ಬೆಳೆದ 'ವಿಷುವಲ್ ನಾವೆಲ್'. ಚಿತ್ರ, ಸಂಗೀತ, ಧ್ವನಿಗಳ ನಡುವೆ ಪಠ್ಯವನ್ನು ಸಾಲುಸಾಲಾಗಿ ಓದಿಸುತ್ತ, ಅಲ್ಲಲ್ಲಿ ಓದುಗನಿಂದ ಆಯ್ಕೆಗಳನ್ನು ಬೇಡುವ ಗಣಕಕಥನವಿದು. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲದ ಕಾರಣ ಪ್ರಸ್ತುತ ಲೇಖನದಲ್ಲಿ 'ದೃಶ್ಯಕಾದಂಬರಿ' ಎಂಬ ಪದವನ್ನು ಬಳಸಲಾಗಿದೆ.

ಈ ಪ್ರಕಾರದ ಗಣನೀಯ ಭಾಗ ವಯಸ್ಕರಿಗೆಂದೇ ರಚಿತವಾದದ್ದು. ಲೈಂಗಿಕ ಸನ್ನಿವೇಶಗಳನ್ನು ಒಳಗೊಂಡಿರುವುದರಿಂದ ಇದು ಹುಟ್ಟಿದಂದಿನಿಂದಲೂ ವಿವಾದಕ್ಕೆ ಗುರಿಯಾಗಿದೆ. ಇದು ಸಾಹಿತ್ಯವೇ, ಸಾಹಿತ್ಯ ವಿಭಾಗವೊಂದರಲ್ಲಿ ಚರ್ಚಿಸತಕ್ಕ ವಿಷಯವೇ ಎಂಬ ಆಕ್ಷೇಪ ಸಹಜವಾಗಿಯೇ ಬರುತ್ತದೆ. ಆದರೆ ಅಶ್ಲೀಲವೆಂದರೇನು, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಗಳು ಕಾವ್ಯಮೀಮಾಂಸೆಯಷ್ಟೇ ಹಳೆಯವು. ವಿವಾದವು ಬಹುಮಟ್ಟಿಗೆ ಚಿತ್ರದಲ್ಲಿ ಏನಿದೆ ಎಂಬುದರ ಸುತ್ತಲೇ ಸುತ್ತಿದೆ. ಪ್ರಕಾರದ ನಿಜವಾದ ವೈಶಿಷ್ಟ್ಯವಿರುವುದು ಓದುಗನು ಏನು ಮಾಡುತ್ತಾನೆ ಎಂಬುದರಲ್ಲಿ. ಹೀಗಾಗಿ ಇವುಗಳ ಮೌಲ್ಯನಿರ್ಣಯವು ಆಯ್ಕೆ ಮತ್ತು ಪರಿಣಾಮಗಳ ರಚನೆಯನ್ನು ಪರಿಶೀಲಿಸದೆ ಸಾಧ್ಯವಿಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

2. ಪ್ರಕಾರದ ಹುಟ್ಟು

1980ರ ದಶಕದ ಆರಂಭದಲ್ಲಿ ಜಪಾನಿನ ಮನೆಗಳಿಗೆ ಸ್ವಂತ ಗಣಕಗಳು ಬರತೊಡಗಿದವು. ಎನ್‌ಇಸಿ ಕಂಪನಿಯ ಪಿಸಿ-8801 ಮತ್ತು ಪಿಸಿ-9801 ಯಂತ್ರಗಳು ಅವುಗಳಲ್ಲಿ ಮುಖ್ಯವಾದವು. ಚಲನೆಯ ವೇಗದಲ್ಲಿ ಇವು ಹಿಂದಿದ್ದರೂ ಜಪಾನೀ ಲಿಪಿಯನ್ನೂ ನಿಶ್ಚಲ ಚಿತ್ರವನ್ನೂ ಸ್ಪಷ್ಟವಾಗಿ ತೋರಿಸಬಲ್ಲವಾಗಿದ್ದವು. ಓಡುವ, ಹಾರುವ ಆಟಗಳಿಗಿಂತ ಓದುವ ಆಟಗಳಿಗೆ ಈ ಯಂತ್ರ ಹೇಳಿಮಾಡಿಸಿದಂತಿತ್ತು. ಯೂಜಿ ಹೋರಿಯವರು ರಚಿಸಿ ಎನಿಕ್ಸ್ ಸಂಸ್ಥೆ 1983ರಲ್ಲಿ ಪ್ರಕಟಿಸಿದ ಪೋರ್ಟೋಪಿಯಾ ಕೊಲೆ ಪ್ರಕರಣದ ಆಟವು ಈ ದಾರಿಯ ಆರಂಭದ ಗುರುತು. ಅದರಲ್ಲಿ ಆಡುವವನು ಪತ್ತೇದಾರನಾಗಿ ಪ್ರಶ್ನೆ ಕೇಳುತ್ತ ಕಥೆಯನ್ನು ಬಿಡಿಸಬೇಕು.

ವಯಸ್ಕರ ಕೃತಿಗಳು ಗಣಕದಲ್ಲಿಯೇ ಬೆಳೆದುದಕ್ಕೆ ಸರಳವಾದ ಕಾರಣವಿದೆ. ನಿಂಟೆಂಡೊದಂಥ ಆಟದ ಯಂತ್ರಗಳ ತಯಾರಕರು ತಮ್ಮ ಯಂತ್ರಕ್ಕೆ ಬರುವ ಪ್ರತಿಯೊಂದು ಕೃತಿಗೂ ಅನುಮತಿ ನೀಡುವ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ಗಣಕಕ್ಕೆ ಅಂಥ ದ್ವಾರಪಾಲಕರಿರಲಿಲ್ಲ. ಕೋಯೆಯ್ ಸಂಸ್ಥೆ 1982ರಲ್ಲಿ ಹೊರತಂದ 'ನೈಟ್ ಲೈಫ್' ಈ ಬಗೆಯ ಮೊದಮೊದಲ ಪ್ರಯತ್ನಗಳಲ್ಲೊಂದು. 1992ರಲ್ಲಿ ಬಂದ ಎಲ್ಫ್ ಸಂಸ್ಥೆಯ 'ದೋಕ್ಯೂಸೇಯ್' ಪ್ರಣಯಕಥೆಗೆ ಪ್ರಾಧಾನ್ಯ ಕೊಟ್ಟು ಈ ಕ್ಷೇತ್ರದ ಸ್ವರೂಪವನ್ನು ಬದಲಿಸಿತು.

ಅದೇ ವರ್ಷ ಚುನ್‌ಸಾಫ್ಟ್ ಸಂಸ್ಥೆಯು 'ಒತೊಗಿರಿಸೋ' ಎಂಬ ಭಯಕಥನವನ್ನು ಹೊರತಂದು ಅದನ್ನು 'ಸೌಂಡ್ ನಾವೆಲ್' ಎಂದು ಕರೆಯಿತು. ಇದು ವಯಸ್ಕರ ಕೃತಿಯಲ್ಲ. ಪರದೆಯ ತುಂಬ ಪಠ್ಯವನ್ನು ಹರಡಿ ಹಿನ್ನೆಲೆಯಲ್ಲಿ ಚಿತ್ರ, ಧ್ವನಿಗಳನ್ನಿಡುವ ಕ್ರಮ ಇದರ ಕೊಡುಗೆ. ಲೀಫ್ ಸಂಸ್ಥೆ ಆ ಕ್ರಮವನ್ನು ವಯಸ್ಕರ ಕಥನಕ್ಕೆ ಅಳವಡಿಸಿ 1996ರಲ್ಲಿ 'ಶಿಜುಕು' ಎಂಬ ಕೃತಿಯನ್ನು ತನ್ನ ವಿಷುವಲ್ ನಾವೆಲ್ ಮಾಲೆಯ ಮೊದಲ ಕೃತಿಯಾಗಿ ಪ್ರಕಟಿಸಿತು. ಮಾಲೆಯ ಹೆಸರೇ ಮುಂದೆ ಪ್ರಕಾರದ ಹೆಸರಾಯಿತು.

3. ರಚನಾ ಕ್ರಮ

ದೃಶ್ಯಕಾದಂಬರಿಯು ಒಬ್ಬ ಲೇಖಕನ ಕೃತಿಯಲ್ಲ. ಯೋಜನೆ ಸಿದ್ಧಪಡಿಸುವವರು, ಕಥೆ ಬರೆಯುವವರು, ಪಾತ್ರಗಳ ಮೂಲರೇಖಾಚಿತ್ರ ಬಿಡಿಸುವವರು, ಬಣ್ಣ ತುಂಬುವವರು, ಹಿನ್ನೆಲೆ ಚಿತ್ರಕಾರರು, ಸಂಗೀತಗಾರರು, ಧ್ವನಿನಟರು, ಇವೆಲ್ಲವನ್ನೂ ಗಣಕದ ಭಾಷೆಯಲ್ಲಿ ಹೊಂದಿಸುವವರು ಎಲ್ಲರೂ ಸೇರಿ ಇದನ್ನು ಕಟ್ಟುತ್ತಾರೆ. ಚಿತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ: ಸ್ಥಳವನ್ನು ಸೂಚಿಸುವ ಹಿನ್ನೆಲೆ, ಅದರ ಮುಂದೆ ನಿಲ್ಲುವ, ಹುಬ್ಬು, ಬಾಯಿ, ಭಂಗಿಗಳ ಬದಲಾವಣೆಯಿಂದಲೇ ಭಾವ ತೋರುವ ಪಾತ್ರಚಿತ್ರ, ವಿಶೇಷ ಘಟನೆಗಳಿಗೆಂದು ಇಡೀ ಪರದೆಗೆ ಬಿಡಿಸಿದ ಘಟನಾಚಿತ್ರ. ಒಂದೇ ಪಾತ್ರಚಿತ್ರವನ್ನು ನೂರಾರು ಸಲ ಬಳಸಬಹುದಾದ್ದರಿಂದ ಅಲ್ಪ ವೆಚ್ಚದಲ್ಲಿ ದೀರ್ಘವಾದ ಕಥೆಯನ್ನು ಹೇಳುವುದು ಸಾಧ್ಯವಾಗುತ್ತದೆ. ಪ್ರಕಾರದ ಆರ್ಥಿಕ ತಳಹದಿ ಇದೇ.

ಪಠ್ಯವನ್ನು ಇಡುವ ಕ್ರಮಗಳು ಎರಡು. ಪರದೆಯ ಕೆಳಭಾಗದ ಪೆಟ್ಟಿಗೆಯಲ್ಲಿ ಎರಡು ಮೂರು ಸಾಲುಗಳನ್ನಷ್ಟೇ ತೋರುವುದು ಒಂದು. ಪುಸ್ತಕದ ಪುಟದಂತೆ ಪರದೆಯ ತುಂಬ ಹರಡುವುದು ಇನ್ನೊಂದು. ಮೊದಲನೆಯದು ಸಂಭಾಷಣೆಗೆ, ಎರಡನೆಯದು ನಿರೂಪಣೆಗೆ ಒದಗಿಬರುತ್ತದೆ. ಓದುಗನು ಗುಂಡಿ ಒತ್ತಿದಂತೆ ಸಾಲುಗಳು ಮುಂದುವರಿಯುತ್ತವೆ. ಆದ್ದರಿಂದ ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಸಂಗೀತ ನಿಲ್ಲಬೇಕು ಎಂಬುದೂ ಬರವಣಿಗೆಯ ಭಾಗವೇ ಆಗುತ್ತದೆ. ನಮ್ಮ ಗಮಕದಲ್ಲಿ ನಿಲುಗಡೆಗೆ ಇರುವ ಮಹತ್ವ ಇಲ್ಲಿ ಈ ಗುಂಡಿಗಿದೆ.

ಕವಲುಗಳ ವ್ಯವಸ್ಥೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಮಳೆಯಲ್ಲಿ ನಿಂತ ಒಬ್ಬಳಿಗೆ ಕೊಡೆ ಕೊಡುವುದೋ, ದಾಟಿಹೋಗುವುದೋ ಎಂಬ ಆಯ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಕೊಡೆ ಕೊಟ್ಟರೆ ಗಣಕವು ಅದನ್ನು ಒಂದು ಗುರುತಾಗಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆ ಕ್ಷಣಕ್ಕೆ ಕಥೆಯಲ್ಲಿ ಯಾವ ವ್ಯತ್ಯಾಸವೂ ಕಾಣದಿರಬಹುದು. ಹತ್ತು ಅಧ್ಯಾಯಗಳ ಅನಂತರ ಆ ಗುರುತು ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ಸಾಮಾನ್ಯವಾಗಿ ಎಲ್ಲರಿಗೂ ಸಮಾನವಾದ ಆರಂಭಭಾಗ, ಅಲ್ಲಿಂದ ಒಬ್ಬೊಬ್ಬ ನಾಯಕಿಯ ಕಡೆಗೆ ಒಡೆಯುವ ಪ್ರತ್ಯೇಕ ಕವಲು, ಪ್ರತಿ ಕವಲಿಗೂ ಒಳ್ಳೆಯ ಮತ್ತು ಕೆಟ್ಟ ಅಂತ್ಯ ಎಂಬುದು ಇದರ ವಿನ್ಯಾಸ. ಓದುಗನು ಬೇಕಾದ ಸ್ಥಳದಲ್ಲಿ ಕಥೆಯನ್ನು ಉಳಿಸಿಟ್ಟು, ಹಿಂದಿರುಗಿ, ಓದಿದ ಭಾಗವನ್ನು ವೇಗವಾಗಿ ದಾಟಿ ಮತ್ತೊಂದು ಕವಲನ್ನು ಹಿಡಿಯಬಹುದು. ಎಲ್ಫ್ ಸಂಸ್ಥೆಯ 'ಯು-ನೊ' (1996) ಈ ಹಿಂದಿರುಗುವಿಕೆಯನ್ನೇ ಸಮಾನಾಂತರ ಲೋಕಗಳ ಕಥೆಯನ್ನಾಗಿಸಿತು.

ಉಪಕರಣಗಳು ಸುಲಭವಾದಂತೆ ಹವ್ಯಾಸಿಗಳೂ ಈ ಕ್ಷೇತ್ರಕ್ಕೆ ಬಂದರು. ಎನ್‌ಸ್ಕ್ರಿಪ್ಟರ್, ಕಿರಿಕಿರಿ ಎಂಬ ಜಪಾನೀ ತಂತ್ರಾಂಶಗಳು, 2004ರಲ್ಲಿ ಬಂದ ರೆನ್‌ಪೈ ಎಂಬ ಮುಕ್ತ ತಂತ್ರಾಂಶ ಇವು ಗಣಕವಿಜ್ಞಾನ ಕಲಿಯದವರಿಗೂ ದಾರಿ ತೆರೆದವು. ಕಿನೊಕೊ ನಾಸು ಬರೆದು ತಕಾಶಿ ತಾಕೆಉಚಿ ಚಿತ್ರಿಸಿದ 'ತ್ಸುಕಿಹಿಮೆ' 2000ದ ಡಿಸೆಂಬರಿನಲ್ಲಿ ಟೋಕಿಯೊದ ಕಾಮಿಕೆಟ್ ಎಂಬ ಸ್ವಪ್ರಕಾಶಿತ ಕೃತಿಗಳ ಸಂತೆಯಲ್ಲಿ ಮಾರಾಟವಾಯಿತು. ಟೈಪ್-ಮೂನ್ ಎಂಬ ಆ ಹವ್ಯಾಸಿ ಬಳಗವೇ ಮುಂದೆ ವೃತ್ತಿಪರ ಸಂಸ್ಥೆಯಾಗಿ 2004ರಲ್ಲಿ 'ಫೇಟ್/ಸ್ಟೇ ನೈಟ್' ಅನ್ನು ನೀಡಿತು.

4. ವಯಸ್ಕ ಭಾಗದ ಸ್ಥಾನ

ಈ ಕೃತಿಗಳಲ್ಲಿ ವಯಸ್ಕ ಸನ್ನಿವೇಶ ಏಕಿದೆ ಎಂಬ ಪ್ರಶ್ನೆಗೆ ಕಲಾತ್ಮಕ ಕಾರಣಕ್ಕಿಂತ ಮೊದಲು ವಾಣಿಜ್ಯ ಕಾರಣವನ್ನು ಹೇಳಬೇಕು. ಅಂಥ ಸನ್ನಿವೇಶವಿದ್ದರೆ ನಿಶ್ಚಿತ ಕೊಳ್ಳುಗರಿದ್ದರು. ಆ ಒಂದು ಷರತ್ತನ್ನು ಪೂರೈಸಿದ ಬಳಿಕ ಉಳಿದ ಕಥೆಯಲ್ಲಿ ಬರಹಗಾರನಿಗೆ ಬಹಳಷ್ಟು ಸ್ವಾತಂತ್ರ್ಯವಿತ್ತು. ಕೀ ಸಂಸ್ಥೆಯ 'ಕಾನೊನ್' (1999), 'ಏರ್' (2000) ಕೃತಿಗಳು ಅಗಲಿಕೆ, ಸ್ಮೃತಿ, ಸಾವುಗಳ ಕಥೆಗಳು. ಓದುಗರು ಇವನ್ನು 'ಅಳಿಸುವ ಆಟ' ಎಂಬರ್ಥದ ಹೆಸರಿನಿಂದಲೇ ಗುರುತಿಸಿದರು.

ವಯಸ್ಕ ಭಾಗವು ಎಷ್ಟು ಅವಿಭಾಜ್ಯ ಎಂಬುದನ್ನು ಈ ಕೃತಿಗಳ ಮುಂದಿನ ಚರಿತ್ರೆಯೇ ಹೇಳುತ್ತದೆ. 'ಕಾನೊನ್' ಪ್ರಕಟವಾದ ಮರುವರ್ಷವೇ ಆ ಭಾಗವಿಲ್ಲದ ಆವೃತ್ತಿ ಬಂದಿತು. ಅದೇ ಸಂಸ್ಥೆಯ 'ಕ್ಲನ್ನಾಡ್' (2004) ಆರಂಭದಿಂದಲೇ ಅಂಥ ದೃಶ್ಯಗಳಿಲ್ಲದ ಕೃತಿ. 'ಫೇಟ್/ಸ್ಟೇ ನೈಟ್'ನಲ್ಲಿ ಲೈಂಗಿಕ ಸನ್ನಿವೇಶಕ್ಕೆ ಮಾಂತ್ರಿಕ ಶಕ್ತಿಯ ವರ್ಗಾವಣೆ ಎಂಬ ಕಥಾಕಾರಣವನ್ನು ಕೊಡಲಾಗಿತ್ತು; 2007ರ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಆ ಕಾರಣವನ್ನು ಉಳಿಸಿಕೊಂಡೇ ಸನ್ನಿವೇಶವನ್ನು ಬದಲಿಸಲಾಯಿತು. ಕಥೆಗೆ ಧಕ್ಕೆಯಾಗದೆ ತೆಗೆಯಬಹುದಾದುದು ಕಥೆಗೆ ಅಂಟಿಸಿದ್ದೇ ಆಗಿರುತ್ತದೆ ಎಂಬ ವಾದಕ್ಕೆ ಇಲ್ಲಿ ಆಧಾರವಿದೆ. ಆದರೆ ಆ ಅಂಟಿಸಿದ ಭಾಗವಿಲ್ಲದಿದ್ದರೆ ಇಂಥ ಕೃತಿಗಳಿಗೆ ಮೊದಲ ಓದುಗರೂ ಬಂಡವಾಳವೂ ಸುಲಭವಾಗಿ ದೊರೆಯುತ್ತಿರಲಿಲ್ಲ ಎಂಬುದನ್ನೂ ಮರೆಯಲಾಗದು.

ವಿಮರ್ಶಕ ಹಿರೊಕಿ ಅಜುಮಾ 2001ರ ತಮ್ಮ ಗ್ರಂಥದಲ್ಲಿ ಈ ಪ್ರಕಾರವನ್ನು ಗಂಭೀರವಾಗಿ ಚರ್ಚಿಸಿದರು. ಓದುಗನು ಮೇಲ್ಪದರದಲ್ಲಿ ಒಂದು ಭಾವುಕ ಕಥೆಯನ್ನು ಅನುಭವಿಸುತ್ತಾನೆ. ಅದರ ಕೆಳಗೆ ಕೂದಲು, ಉಡುಪು, ಸ್ವಭಾವಗಳಂಥ ಬಿಡಿ ಅಂಶಗಳ ಒಂದು ದತ್ತಸಂಗ್ರಹವಿದೆ. ಈ ಎರಡನ್ನೂ ಒಟ್ಟಿಗೆ ಬಳಸುವುದೇ ಹೊಸ ಕಾಲದ ಓದು ಎಂಬುದು ಅವರ ವಾದದ ಸಾರ. ಒಬ್ಬಳಿಗೆ ಏಕನಿಷ್ಠನಾಗಿ ಕಣ್ಣೀರಿಡುವ ಓದುಗನೇ ಮರುದಿನ ಹಿಂದಿರುಗಿ ಇನ್ನೊಬ್ಬಳ ಕವಲನ್ನು ಹಿಡಿಯುತ್ತಾನೆ ಎಂಬ ವೈರುಧ್ಯಕ್ಕೆ ಈ ವಾದದಲ್ಲಿ ವಿವರಣೆ ಸಿಗುತ್ತದೆ.

5. ವಿವಾದದ ಹಂತಗಳು

ಮೊದಲ ಹಂತ ಪ್ರಭುತ್ವದ್ದು. ಜಪಾನಿನ ದಂಡಸಂಹಿತೆಯ 175ನೆಯ ವಿಧಿ ಅಶ್ಲೀಲ ವಸ್ತುಗಳ ಹಂಚಿಕೆಯನ್ನು ಶಿಕ್ಷಾರ್ಹಗೊಳಿಸುತ್ತದೆ. ಲಾರೆನ್ಸನ ಲೇಡಿ ಚಾಟರ್ಲಿ ಕಾದಂಬರಿಯ ಅನುವಾದವನ್ನು ಜಪಾನಿನ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಇದೇ ವಿಧಿಯಡಿ ಅಶ್ಲೀಲವೆಂದಿತು. ಅದೇ ಕಾದಂಬರಿಯನ್ನು ಮಾರಿದ ಮುಂಬಯಿಯ ಪುಸ್ತಕವ್ಯಾಪಾರಿಯ ಶಿಕ್ಷೆಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಎತ್ತಿಹಿಡಿಯಿತು. ಈ ವಿಷಯದಲ್ಲಿ ಎರಡೂ ದೇಶಗಳ ನ್ಯಾಯಚಿಂತನೆ ಒಂದೇ ದಾರಿಯಲ್ಲಿತ್ತೆಂಬುದು ಗಮನಾರ್ಹ. ಜಪಾನಿನಲ್ಲಿ ಈ ವಿಧಿಯ ಫಲವಾಗಿ ಚಿತ್ರಗಳಲ್ಲಿ ಜನನಾಂಗಗಳನ್ನು ಚೌಕಳಿಗಳಿಂದ ಮಸುಕುಗೊಳಿಸುವ ಪದ್ಧತಿ ರೂಢಿಗೆ ಬಂದಿತು. ಕಥೆಯಲ್ಲಿ ಬಲಾತ್ಕಾರವಿದ್ದರೂ ಚೌಕಳಿಯಿದ್ದರೆ ಸಾಕು ಎಂಬ ವಿಚಿತ್ರ ಸ್ಥಿತಿಯೂ ಅದರೊಂದಿಗೇ ಬಂದಿತು. 1986ರಲ್ಲಿ '177' ಎಂಬ ಹೆಸರಿನ ಆಟವೊಂದು ಬಂದಿತು; ಅದು ದಂಡಸಂಹಿತೆಯಲ್ಲಿ ಅತ್ಯಾಚಾರಕ್ಕೆ ಸಂಬಂಧಿಸಿದ ವಿಧಿಯ ಸಂಖ್ಯೆ. ಆ ಆಟದ ವಿಷಯ ಜಪಾನಿನ ಸಂಸತ್ತಿನವರೆಗೂ ಹೋಯಿತು.

ಎರಡನೆಯ ಹಂತ ಉದ್ಯಮದ ಸ್ವನಿಯಂತ್ರಣದ್ದು. 1991ರಲ್ಲಿ ಶಾಲಾಬಾಲಕನೊಬ್ಬ ವಯಸ್ಕರ ಆಟವೊಂದನ್ನು ಅಂಗಡಿಯಿಂದ ಕದ್ದ ಪ್ರಕರಣ ಬೆಳೆದು 'ಸಾಓರಿ' ಎಂಬ ಆಟದ ತಯಾರಕ ಸಂಸ್ಥೆಯ ಮುಖ್ಯಸ್ಥರ ಬಂಧನಕ್ಕೆ ಕಾರಣವಾಯಿತು. ಮರುವರ್ಷ ಉದ್ಯಮವೇ ಸೇರಿ ತಂತ್ರಾಂಶ ನೀತಿಸಂಸ್ಥೆಯೊಂದನ್ನು ಸ್ಥಾಪಿಸಿ, ವಯಸ್ಸಿನ ಮುದ್ರೆ ಹಾಕಿ ಮಾರುವ ಪದ್ಧತಿಯನ್ನು ಜಾರಿಗೆ ತಂದಿತು. ಇಲ್ಯೂಷನ್ ಸಂಸ್ಥೆ 2006ರಲ್ಲಿ ಹೊರತಂದ 'ರೇಪ್‌ಲೇ' ಅಮೆಜಾನ್ ಮಳಿಗೆಯಲ್ಲಿ ಕಾಣಿಸಿಕೊಂಡುದು 2009ರಲ್ಲಿ ಬ್ರಿಟನ್ನಿನಲ್ಲಿ ಬೆಳಕಿಗೆ ಬಂದು, ಅಲ್ಲಿಂದ ಅದನ್ನು ತೆಗೆಯಲಾಯಿತು. 'ಈಕ್ವಾಲಿಟಿ ನೌ' ಎಂಬ ಮಹಿಳಾ ಹಕ್ಕುಗಳ ಸಂಘಟನೆ ಚಳವಳಿ ಹೂಡಿತು. ಅದೇ ವರ್ಷ ಜಪಾನಿನ ನೀತಿಸಂಸ್ಥೆ ಅಂಥ ವಸ್ತುವಿನ ಆಟಗಳನ್ನು ನಿಷೇಧಿಸಿತು. ರಚನೆಯ ದೃಷ್ಟಿಯಿಂದ 'ರೇಪ್‌ಲೇ' ದೃಶ್ಯಕಾದಂಬರಿಯಲ್ಲ, ಮೂರು ಆಯಾಮಗಳ ಅನುಕರಣೆಯ ಆಟ. ಆದರೆ ಅದರ ನೆರಳು ಇಡೀ ಕ್ಷೇತ್ರದ ಮೇಲೆ ಬಿದ್ದಿತು.

ಪಾತ್ರಗಳ ವಯಸ್ಸಿನ ಪ್ರಶ್ನೆ ಇನ್ನಷ್ಟು ಗಂಭೀರವಾದದ್ದು. ಅನೇಕ ಕೃತಿಗಳ ಆವರಣ ಶಾಲೆ. ಎಲ್ಲ ಪಾತ್ರಗಳೂ 18 ವರ್ಷ ದಾಟಿದವರೆಂಬ ಪ್ರಕಟಣೆಯನ್ನು ಆರಂಭದಲ್ಲಿ ಹಾಕುವ ರೂಢಿಯಿದೆ. ಪಾತ್ರದ ಸ್ವರೂಪ, ನಡೆನುಡಿಗಳು ಬೇರೆಯದನ್ನೇ ಹೇಳುವಾಗ ಇಂಥ ಪ್ರಕಟಣೆ ಸಮಾಧಾನ ನೀಡದು. ಜಪಾನು 2014ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳನ್ನು ಹೊಂದಿರುವುದನ್ನೂ ಅಪರಾಧವಾಗಿಸಿತಾದರೂ ರೇಖಾಚಿತ್ರಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಈ ಟೀಕೆಗೆ ಉದ್ಯಮದ ಬಳಿ ಸಮರ್ಪಕ ಉತ್ತರವಿಲ್ಲವೆಂದೇ ಹೇಳಬೇಕು.

ಮೂರನೆಯ ಹಂತ ಮಾರುಕಟ್ಟೆಯ ವೇದಿಕೆಗಳದು. ಅಮೆರಿಕದ ವಾಲ್ವ್ ಸಂಸ್ಥೆಯ ಸ್ಟೀಮ್ ಎಂಬ ಗಣಕ ಆಟಗಳ ಮಳಿಗೆ 2018ರ ಮೇ ತಿಂಗಳಲ್ಲಿ ಹಲವು ದೃಶ್ಯಕಾದಂಬರಿಗಳ ಪ್ರಕಾಶಕರಿಗೆ, ಲೈಂಗಿಕ ಭಾಗಗಳನ್ನು ತೆಗೆಯದಿದ್ದರೆ ಕೃತಿಯನ್ನೇ ತೆಗೆಯುವುದಾಗಿ ಸೂಚನೆ ಕಳಿಸಿತು. ಅದೇ ಮಳಿಗೆ 2016ರಲ್ಲಿ ಒಪ್ಪಿ ಮಾರಿದ್ದ ಕೃತಿಯೂ ಅವುಗಳಲ್ಲಿತ್ತು. ಮುಂದಿನ ತಿಂಗಳೇ ನಿಲುವು ಬದಲಾಗಿ, ಕಾನೂನುಬಾಹಿರವಾದುದನ್ನೂ ಕೇವಲ ಕೆಣಕುವುದಕ್ಕೆಂದು ಮಾಡಿದ್ದನ್ನೂ ಬಿಟ್ಟು ಉಳಿದುದಕ್ಕೆ ಅವಕಾಶವೆಂದು ಘೋಷಿಸಿತು. 2019ರಲ್ಲಿ ಅತ್ಯಾಚಾರವನ್ನೇ ಶೀರ್ಷಿಕೆಯಾಗಿಸಿಕೊಂಡ ಕೃತಿಯೊಂದನ್ನು ಅದು ತಿರಸ್ಕರಿಸಿತು. 2025ರಲ್ಲಿ 'ನೋ ಮರ್ಸಿ' ಎಂಬ ಹಿಂಸಾತ್ಮಕ ಆಟದ ವಿರುದ್ಧ ಆಸ್ಟ್ರೇಲಿಯದ 'ಕಲೆಕ್ಟಿವ್ ಶೌಟ್' ಸಂಘಟನೆ ಹೂಡಿದ ಚಳವಳಿ ಹಣಪಾವತಿಯ ಸಂಸ್ಥೆಗಳನ್ನೇ ಗುರಿಯಾಗಿಸಿಕೊಂಡಿತು. ಆ ವರ್ಷದ ಜುಲೈನಲ್ಲಿ ಸ್ಟೀಮ್ ಮಳಿಗೆ, ಪಾವತಿ ಸಂಸ್ಥೆಗಳ ಹಾಗೂ ಬ್ಯಾಂಕುಗಳ ನಿಯಮಗಳನ್ನು ಮೀರಬಹುದಾದ ಕೃತಿಗಳಿಗೆ ಅವಕಾಶವಿಲ್ಲವೆಂಬ ನಿಯಮವನ್ನು ಸೇರಿಸಿತು. ಹವ್ಯಾಸಿಗಳ ನೆಲೆಯಾದ ಇಚ್.ಐಒ ವೇದಿಕೆ ವಯಸ್ಕರ ಕೃತಿಗಳೆಲ್ಲವನ್ನೂ ತನ್ನ ಹುಡುಕುಪಟ್ಟಿಯಿಂದ ಒಮ್ಮೆಗೇ ಮರೆಮಾಡಿತು. ಬಳಿಕ ಉಚಿತವಾದವುಗಳನ್ನು ಮರಳಿ ಸೇರಿಸತೊಡಗಿತು. ತಾವು ಯಾವ ಆಟವನ್ನೂ ಪರಿಶೀಲಿಸಿಲ್ಲ, ನಿರ್ಬಂಧವನ್ನೂ ಕೇಳಿಲ್ಲ ಎಂಬುದು ಮಾಸ್ಟರ್‌ಕಾರ್ಡ್ ಸಂಸ್ಥೆಯ ಹೇಳಿಕೆಯಾಗಿತ್ತು.

ನ್ಯಾಯಾಲಯವು ತಪ್ಪು ತೀರ್ಪು ಕೊಟ್ಟರೂ ಕಾರಣಗಳನ್ನು ಬರೆದು ಕೊಡುತ್ತದೆ, ಮೇಲ್ಮನವಿಗೆ ದಾರಿಯಿರುತ್ತದೆ. ಚಾಟರ್ಲಿ ಪ್ರಕರಣದ ಅಳತೆಗೋಲನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಅರ್ಧ ಶತಮಾನದ ಬಳಿಕ, 2014ರಲ್ಲಿ, ಕೈಬಿಟ್ಟು ಸಮಕಾಲೀನ ಸಮಾಜದ ಮಾನದಂಡವನ್ನು ಎತ್ತಿಹಿಡಿದದ್ದು ಈ ಕಾರಣದಿಂದಲೇ ಸಾಧ್ಯವಾಯಿತು. ಕಾರ್ಡಿನ ಮೂಲಕ ನಡೆಯುವ ನಿರ್ಬಂಧದಲ್ಲಿ ತೀರ್ಪಿಲ್ಲ, ಕಾರಣವಿಲ್ಲ, ಹೊಣೆ ಹೊರುವವರೂ ಇಲ್ಲ. ಕೆಡುಕಾದ ಒಂದು ಕೃತಿಯ ಜೊತೆಗೆ ಯಾರೂ ಓದಿ ನೋಡದ ಹಲವು ಕೃತಿಗಳು ಮರೆಯಾಗುತ್ತವೆ.

6. ಅಶ್ಲೀಲ ದೋಷ, ಔಚಿತ್ಯ ಮತ್ತು ಆಯ್ಕೆ

ಹಾಗಾದರೆ ಓದಿ ನೋಡುವವರು ಯಾವ ಅಳತೆಗೋಲನ್ನು ಹಿಡಿಯಬೇಕು? ಭಾರತೀಯ ಕಾವ್ಯಮೀಮಾಂಸೆ ಇಲ್ಲಿ ನೆರವಿಗೆ ಬರುತ್ತದೆ. ವಾಮನ, ಮಮ್ಮಟರಂಥ ಆಲಂಕಾರಿಕರು ಅಶ್ಲೀಲವನ್ನು ಕಾವ್ಯದೋಷಗಳಲ್ಲಿ ಸೇರಿಸಿ ಅದಕ್ಕೆ ಮೂರು ಮುಖಗಳನ್ನು ಹೇಳಿದ್ದಾರೆ: ನಾಚಿಕೆ ತರುವುದು, ಹೇಸಿಕೆ ತರುವುದು, ಅಮಂಗಳವನ್ನು ಸೂಚಿಸುವುದು. ಕಾಮದ ವಸ್ತುವೇ ಅಶ್ಲೀಲವೆಂದು ಅವರು ಹೇಳಲಿಲ್ಲ. ಹಾಗೆ ಹೇಳಿದ್ದರೆ ಶೃಂಗಾರಕ್ಕೆ ರಸಸ್ಥಾನವೇ ಇರುತ್ತಿರಲಿಲ್ಲ. ಕುಮಾರಸಂಭವದಲ್ಲಿ ಕಾಳಿದಾಸನು ಶಿವಪಾರ್ವತಿಯರ ಸಂಭೋಗವನ್ನು ವರ್ಣಿಸಿದ್ದು ಅನುಚಿತವಾದರೂ ಕವಿಶಕ್ತಿಯು ಆ ದೋಷವನ್ನು ಮರೆಸುತ್ತದೆ ಎಂಬುದು ಆನಂದವರ್ಧನನ ಅಭಿಪ್ರಾಯ. ಅಂದರೆ ನಿರ್ಣಯವಿರುವುದು ವಸ್ತುವಿನಲ್ಲಲ್ಲ, ಸಂಬಂಧದಲ್ಲಿ.

ಆದರೆ ಪ್ರಾಚೀನರ ಸಹೃದಯ ನೋಡುವವನು, ಕೇಳುವವನು. ದೃಶ್ಯಕಾದಂಬರಿಯ ಓದುಗ ಕೈಯಾರೆ ಆರಿಸುವವನು. ಆದ್ದರಿಂದ ಔಚಿತ್ಯದ ಪ್ರಶ್ನೆಯನ್ನು ಇಲ್ಲಿ ಆಯ್ಕೆಯವರೆಗೆ ವಿಸ್ತರಿಸಬೇಕಾಗುತ್ತದೆ. ಎರಡು ಪ್ರಶ್ನೆಗಳು ಮುಖ್ಯ. ಒಂದು, ಎದುರಿನ ಪಾತ್ರಕ್ಕೆ ನಿರಾಕರಿಸುವ ಅವಕಾಶವಿದೆಯೇ? ಎರಡು, ಆಯ್ಕೆಯ ಪರಿಣಾಮವನ್ನು ಓದುಗನು ಹೊರಬೇಕಾಗುತ್ತದೆಯೇ?

ಈ ಅಳತೆಯಲ್ಲಿ 'ರೇಪ್‌ಲೇ'ಯಂಥ ಆಟಗಳು ಮೊದಲ ಹೆಜ್ಜೆಯಲ್ಲೇ ಸೋಲುತ್ತವೆ. ಅಲ್ಲಿ ಇನ್ನೊಬ್ಬರ ನಿರಾಕರಣೆಯನ್ನು ತುಳಿಯುವುದೇ ಆಟ. ಆದರೆ ಸೌಮ್ಯವೆನಿಸುವ ಅನೇಕ ಪ್ರಣಯಕಥೆಗಳೂ ಪೂರ್ಣವಾಗಿ ಪಾರಾಗುವುದಿಲ್ಲ. ಸರಿಯಾದ ಉತ್ತರಗಳ ಸರಣಿಯನ್ನು ಕೊಟ್ಟರೆ ನಾಯಕಿ ಒಲಿದೇ ತೀರುತ್ತಾಳೆ ಎಂಬ ವಿನ್ಯಾಸದಲ್ಲಿ ಅವಳು ಬೀಗ, ಉತ್ತರ ಬೀಗದ ಕೈ. ಒಂದು ಚೌಕಳಿಯೂ ಬೇಕಿಲ್ಲದ ಕೃತಿಯಲ್ಲಿಯೂ ಈ ದೋಷವಿರಬಹುದು.

ಇದಕ್ಕೆ ಪ್ರತಿಯಾಗಿ 'ಕಟಾವಾ ಶೋಜೊ'ವನ್ನು ನೋಡಬಹುದು. ರಾಯಿತಾ ಎಂಬ ಜಪಾನೀ ಚಿತ್ರಕಾರರು 2000ದಲ್ಲಿ ಬಿಡಿಸಿದ ಒಂದು ಪುಟದ ಕಲ್ಪನೆಯನ್ನು ಹಿಡಿದು, ಬೇರೆಬೇರೆ ದೇಶಗಳ ಹವ್ಯಾಸಿಗಳು ಫೋರ್ ಲೀಫ್ ಸ್ಟುಡಿಯೋಸ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ದುಡಿದು, 2012ರ ಜನವರಿಯಲ್ಲಿ ಉಚಿತವಾಗಿ ಹಂಚಿದ ಕೃತಿಯಿದು. ಅಂಗವೈಕಲ್ಯವುಳ್ಳ ಐವರು ನಾಯಕಿಯರು. ವಯಸ್ಕ ಭಾಗವನ್ನು ಬೇಡವೆಂದರೆ ಮುಚ್ಚಿಡುವ ವ್ಯವಸ್ಥೆ. ಶಾಲೆಯ ಆವರಣದ ಬಗ್ಗೆ ಮೇಲೆ ಹೇಳಿದ ಟೀಕೆ ಇದಕ್ಕೂ ಅನ್ವಯಿಸುತ್ತದೆ. ಆದರೂ ಇದರ ಒಂದು ಕವಲು ವಿಶೇಷ ಗಮನಕ್ಕೆ ಅರ್ಹ. ಸುಟ್ಟಗಾಯದ ಕಲೆಗಳಿಂದ ಕುಗ್ಗಿದ ಹನಾಕೊ ಎಂಬವಳನ್ನು ಸದಾ ಕಾಪಾಡಲು ಹೊರಡುವ ಓದುಗನಿಗೆ ಕೆಟ್ಟ ಅಂತ್ಯ ಕಾದಿರುತ್ತದೆ. ಕರುಣೆಯೆಂದು ಅವನು ಭಾವಿಸಿದ್ದು ಅವಳ ಸ್ವತಂತ್ರ ವ್ಯಕ್ತಿತ್ವವನ್ನು ಅಲ್ಲಗಳೆಯುವುದಾಗಿತ್ತು ಎಂಬ ಕಹಿ ಅರಿವು ಅವಳ ಕೋಪದಿಂದ ಅವನಿಗಾಗುತ್ತದೆ. ಇಲ್ಲಿ ನಾಯಕಿ ಬೀಗವಲ್ಲ, ನಿರಾಕರಿಸಬಲ್ಲವಳು. ಅಚ್ಚಿನ ಕಾದಂಬರಿ ಇದನ್ನು ಹೇಳಬಲ್ಲದು. ದೃಶ್ಯಕಾದಂಬರಿ ಓದುಗನಿಂದಲೇ ಆ ತಪ್ಪನ್ನು ಮಾಡಿಸಿ ಹೇಳುತ್ತದೆ.

7. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ವಯಸ್ಕರ ದೃಶ್ಯಕಾದಂಬರಿಯಲ್ಲಿ ಲೈಂಗಿಕ ಸನ್ನಿವೇಶವು ಬಹಳಷ್ಟು ಸಲ ಮಾರುಕಟ್ಟೆಯ ಷರತ್ತಾಗಿ ಬಂದುದು; ಅದನ್ನು ಕಲೆಯ ಹೆಸರಿನಲ್ಲಿ ಸಾರಾಸಗಟಾಗಿ ಸಮರ್ಥಿಸುವುದು ಸರಿಯಲ್ಲ. ಅದರ ನಿಯಂತ್ರಣವು ಪ್ರಭುತ್ವದಿಂದ ಉದ್ಯಮಕ್ಕೂ, ಉದ್ಯಮದಿಂದ ಪಾವತಿ ಸಂಸ್ಥೆಗಳಿಗೂ ಹರಡಿದಂತೆ ನಿರ್ಣಯದಲ್ಲಿ ಓದಿನ ಪಾಲು ಕಡಿಮೆಯಾಗುತ್ತ ಬಂದಿದೆ. ಚೌಕಳಿಯಾಗಲಿ, ವಯಸ್ಸಿನ ಮುದ್ರೆಯಾಗಲಿ, ಕಾರ್ಡಿನ ನಿಯಮವಾಗಲಿ ಕೃತಿಯನ್ನು ಓದುವುದಿಲ್ಲ. ಹೆಣ್ಣಿನ ಘನತೆಯ ಬಗೆಗಿನ ಕಾಳಜಿ ನ್ಯಾಯವಾದದ್ದು. ಅದನ್ನು ಕಾಪಾಡಲು ಬೇಕಾದುದು ಇನ್ನಷ್ಟು ಸೂಕ್ಷ್ಮವಾದ ಓದು, ಹಾಗೂ ಓದಿದ ಮೇಲೆ ಕಾರಣ ಕೊಟ್ಟು ನಿರ್ಣಯಿಸುವ ಹೊಣೆಗಾರಿಕೆ. ಆ ಓದನ್ನು ಕಲಿಸುವುದು ಸಾಹಿತ್ಯ ವಿಭಾಗಗಳ ಕೆಲಸವೇ ಆಗಿದೆ. ಇಂಥ ಕೃತಿಗಳನ್ನು ಚರ್ಚೆಗೆ ಯೋಗ್ಯವಲ್ಲವೆಂದು ಬಾಗಿಲಲ್ಲೇ ತಡೆದರೆ, ಅವುಗಳ ಬಗ್ಗೆ ತೀರ್ಮಾನಿಸುವ ಕೆಲಸವನ್ನು ಓದದವರ ಕೈಗೆ ನಾವೇ ಒಪ್ಪಿಸಿದಂತಾಗುತ್ತದೆ.